ಪಿಟಿಟಿ ಒತ್ತುವ ಮೊದಲು: ಬಾಹ್ಯಾಕಾಶ ನಿಲ್ದಾಣದ ರಿಪೀಟರ್‌ನಲ್ಲಿ ನನ್ನ ಅನುಭವ

ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಬಳಸುವ ರೇಡಿಯೊದಲ್ಲಿ, ಮಾತಾಡಿದರು. ಆಮೇಲೆ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ: ‘ಸರ್, ನಾವೂ ಮಾತಾಡಬಹುದಾ? ಯಾವ ಸೆಟ್ ಬೇಕು?’ ಲೈಸೆನ್ಸ್ ಇದ್ದರೆ ಖಂಡಿತ ಮಾತಾಡಬಹುದು. ಸೆಟ್ ದೊಡ್ಡ ವಿಷಯವೇ ಅಲ್ಲ. ಪಿಟಿಟಿ, ಅಂದರೆ ಒತ್ತಿ ಮಾತಾಡುವ ಗುಂಡಿಯಿಂದ ಬೆರಳು ದೂರ ಇಟ್ಟು ಕೇಳಿಸಿಕೊಳ್ಳುವ ಅಭ್ಯಾಸ ಇರಬೇಕು, ಅದೇ ಮುಖ್ಯ.

ಗಗನಯಾತ್ರಿಗಳು ಮೈಕ್ ಹಿಡಿಯುವುದು ಅಪರೂಪ. ಉಳಿದ ಹೊತ್ತಿನಲ್ಲಿ ಹೆಚ್ಚಾಗಿ ನಿಲ್ದಾಣದ ರೇಡಿಯೊ ರಿಪೀಟರ್ ಆಗಿ ಕೆಲಸ ಮಾಡುತ್ತದೆ. ನೆಲದ ಮೇಲಿನ ಒಬ್ಬ ಹ್ಯಾಮ್‌ನ ದನಿಯನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತದೆ. ಈ ಸೌಲಭ್ಯ ಬಂದದ್ದು 2020ರಲ್ಲಿ. ನಾವು 145.990 ಮೆಗಾಹರ್ಟ್ಸ್‌ನಲ್ಲಿ 67 ಹರ್ಟ್ಸ್ ಟೋನ್ (ರಿಪೀಟರ್ ತೆರೆದುಕೊಳ್ಳಲು ಬೇಕಾದ ತಗ್ಗಿನ ಸದ್ದು) ಹಾಕಿ ಕಳಿಸಬೇಕು, 437.800ರಲ್ಲಿ ಕೇಳಬೇಕು. ನನ್ನ ಹತ್ತಿರ ಇರುವುದು ಐದು ವಾಟಿನ ಎರಡು ಹ್ಯಾಂಡ್‌ಸೆಟ್, ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಕಟ್ಟಿ ಮಾಡಿದ, ಒಂದೇ ದಿಕ್ಕಿಗೆ ಗುರಿಯಿಟ್ಟು ಹಿಡಿಯುವ ಯಾಗಿ ಆಂಟೆನಾ. ತಾರಸಿ ಮೇಲೆ ನಿಂತು, ನಿಲ್ದಾಣ ಹೋದ ಕಡೆಗೆ ಅದನ್ನು ತಿರುಗಿಸುತ್ತಾ, ದನಿ ಕುಗ್ಗಿದಾಗ ಮಣಿಕಟ್ಟು ಹೊರಳಿಸಿ ಪೈಪನ್ನು ವಾಲಿಸುತ್ತಾ ಹೋಗಬೇಕು.

ನಿಲ್ದಾಣ ವೇಗವಾಗಿ ಹತ್ತಿರ ಬಂದು ದೂರ ಹೋಗುವುದರಿಂದ, ಅಂದರೆ ಡಾಪ್ಲರ್ ಪರಿಣಾಮದಿಂದ, ಕೇಳುವ ಫ್ರೀಕ್ವೆನ್ಸಿ ಜಾರುತ್ತದೆ. ಅದಕ್ಕೆ ಐದು ಚಾನೆಲ್ ಸೇವ್ ಮಾಡಿಟ್ಟಿದ್ದೇನೆ: 437.810, .805, .800, .795, .790. ನಿಲ್ದಾಣ ದಿಗಂತದಲ್ಲಿ ಏಳುವಾಗ ಮೊದಲನೆಯದು, ಮುಳುಗುವಾಗ ಕೊನೆಯದು. ಕಳಿಸುವ ಕಡೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಅಲ್ಲಿ ಜಾರುವುದು ಮೂರೂವರೆ ಕಿಲೊಹರ್ಟ್ಸ್ ಮಾತ್ರ. ಆದರೆ ಒಂದು ತೊಡಕಿದೆ. 145.990ರ ಮೂರು ಪಟ್ಟು 437.970. ಅಂದರೆ ನಮ್ಮದೇ ಸೆಟ್ಟಿನಿಂದ ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲೂ ಹೊರಡುವ ಸಿಗ್ನಲ್ (ಹಾರ್ಮಾನಿಕ್) ನಾವು ಕೇಳಬೇಕಾದ ಜಾಗದ ಪಕ್ಕದಲ್ಲೇ ಬಂದು ಕೂತು ರಿಸೀವರ್ ಅನ್ನು ಕಿವುಡಾಗಿಸುತ್ತದೆ. ಸೆಟ್ಟಿಗೂ ಆಂಟೆನಾಕ್ಕೂ ಮಧ್ಯೆ ಅದನ್ನು ತಡೆಯುವ ಫಿಲ್ಟರ್ ಹಾಕಿದ ಮೇಲೆಯೇ ನನಗೆ ನನ್ನ ದನಿ ಮೇಲೆ ಹೋಗಿ ಕೆಳಗೆ ಬರುವುದು ಸ್ಪಷ್ಟವಾಗಿ ಕೇಳಿಸಿದ್ದು.

ಇದಕ್ಕೆ ಯಾಕಿಷ್ಟು ಒದ್ದಾಟ ಅಂದರೆ, ಕೇಳಿಸದಿದ್ದವನೇ ಬೇರೆಯವರನ್ನು ತುಳಿಯುವುದು. ಸುಮಾರು 400 ಕಿಲೊಮೀಟರ್ ಎತ್ತರದಲ್ಲಿರುವ ನಿಲ್ದಾಣಕ್ಕೆ ಸುತ್ತ ಎರಡು ಸಾವಿರ ಕಿಲೊಮೀಟರಿಗೂ ಹೆಚ್ಚು ದೂರ ಕಾಣುತ್ತದೆ. ನಮ್ಮ ತಲೆ ಮೇಲೆ ಬಂದಾಗ ಶ್ರೀಲಂಕಾದವರೂ ದೆಹಲಿಯವರೂ ಅದೇ ಒಂದು ಚಾನೆಲ್‌ಗೆ ಕಾಯುತ್ತಿರುತ್ತಾರೆ. ಬಂಗಾಳ ಕೊಲ್ಲಿಯ ಕಡೆ ಇಳಿದರೆ ಇಂಡೋನೇಷ್ಯಾದವರೂ ಸೇರಿಕೊಳ್ಳುತ್ತಾರೆ. ನಿಲ್ದಾಣ ಹೀಗೆ ಒಮ್ಮೆ ಹಾದುಹೋಗುವುದಕ್ಕೆ ‘ಪಾಸ್’ ಅನ್ನುತ್ತೇವೆ; ಸಮಯ ಇರುವುದು ಹೆಚ್ಚೆಂದರೆ ಹತ್ತು ನಿಮಿಷ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿದ್ದವನದು ಮಾತ್ರ ದಾಟುತ್ತದೆ, ಇಲ್ಲವೇ ಇಬ್ಬರದೂ ಕರಕರ ಸದ್ದಾಗುತ್ತದೆ. ಐವತ್ತು ವಾಟಿನವನು ಕೇಳಿಸಿಕೊಳ್ಳದೆ ‘ಹಲೋ, ಹಲೋ’ ಅನ್ನುತ್ತಿದ್ದರೆ ಉಳಿದವರ ಪಾಸ್ ಹೋಯಿತು ಅಂತಲೇ ಲೆಕ್ಕ. ಹ್ಯಾಮ್‌ಗಳ ನಡುವಿನ ಮರ್ಯಾದೆ ನನ್ನ ಮಟ್ಟಿಗೆ ಬರೀ ಒಳ್ಳೆಯ ಗುಣವಲ್ಲ, ಸಂಪರ್ಕ ಆಗಬೇಕಾದರೆ ಆಂಟೆನಾದಷ್ಟೇ ಬೇಕಾದದ್ದು.

ಇದು ಮೊದಲಿನಿಂದಲೂ ಗೊತ್ತಿದ್ದದ್ದೇ. ಬಾಹ್ಯಾಕಾಶದಿಂದ ಮಾತಾಡಿದ ಮೊದಲ ಹ್ಯಾಮ್ ಓವೆನ್ ಗ್ಯಾರಿಯಟ್, 1983ರಲ್ಲಿ, ಕೊಲಂಬಿಯಾ ನೌಕೆಯಿಂದ. ಅವರ ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ಇರುವ ಗುರುತಿನ ಹೆಸರು) ಡಬ್ಲ್ಯು5ಎಲ್‌ಎಫ್‌ಎಲ್. ಭೂಮಿಯವರೆಲ್ಲ ಒಟ್ಟಿಗೆ ಕರೆಯುತ್ತಾರೆ ಎಂದು ತಿಳಿದೇ ಒಂದು ನಿಮಿಷ ಅವರ ಸರದಿ, ಮುಂದಿನ ನಿಮಿಷ ನೆಲದವರ ಸರದಿ ಅಂತ ನಿಗದಿ ಮಾಡಿಕೊಂಡಿದ್ದರು. ಜೋರ್ಡಾನಿನ ದೊರೆ ಹುಸೇನ್ ಕೂಡ ಹ್ಯಾಮ್ ಆಗಿದ್ದವರು, ಜೆವೈ1 ಅನ್ನುವ ಕಾಲ್‌ಸೈನಿನಲ್ಲಿ ಗ್ಯಾರಿಯಟ್ ಜೊತೆ ಮಾತಾಡಿದರು. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2005ರ ಮೇ 5ರಂದು ಪಿಎಸ್‌ಎಲ್‌ವಿಯಲ್ಲಿ ಹೋದ ಹ್ಯಾಮ್‌ಸ್ಯಾಟ್ ಉಪಗ್ರಹದ್ದೂ ಇದೇ ಪಾಠ: ಹಲವರ ಸಿಗ್ನಲ್ ಒಟ್ಟಿಗೆ ಪಡೆದು ಕೆಳಗೆ ಕಳಿಸುವ ಅಂಥ ಟ್ರಾನ್ಸ್‌ಪಾಂಡರ್‌ನಲ್ಲಿ ಒಬ್ಬ ಪವರ್ ಏರಿಸಿದರೆ ಉಳಿದವರೆಲ್ಲರ ಸಿಗ್ನಲ್ ತಗ್ಗುತ್ತದೆ.

ಒಂದು ಸಂಜೆಯ ಪಾಸ್ ಹೇಳುತ್ತೇನೆ. ವಾಯವ್ಯದಿಂದ ನಿಲ್ದಾಣ ಏರುತ್ತಿದ್ದಂತೆ ಒಬ್ಬ ಹುಡುಗನ ಸಣ್ಣ, ನಡುಗುವ ದನಿ ಕೇಳಿಸಿತು. ‘ವಿಯು3’ (ಭಾರತದ ಕಾಲ್‌ಸೈನಿನ ಆರಂಭ) ಅಂದದ್ದು ಗೊತ್ತಾಯಿತು, ಮುಂದಿನ ಅಕ್ಷರಗಳ ಮೇಲೆ ಇನ್ನೊಂದು ದೊಡ್ಡ ಸ್ಟೇಷನ್ ಹತ್ತಿ ಕೂತಿತು. ಮತ್ತೆ ಕರೆದ, ಮತ್ತೆ ಅದೇ ಗತಿ. ಸಂದು ಸಿಕ್ಕಿದಾಗ ನಾನು ನನ್ನ ಕಾಲ್‌ಸೈನ್ ಹೇಳಿ, ‘ವಿಯು3 ಸ್ಟೇಷನ್ ಮಾತ್ರ ಬನ್ನಿ, ಉಳಿದವರು ದಯವಿಟ್ಟು ನಿಲ್ಲಿ’ ಅಂದೆ. ದೊಡ್ಡ ಸ್ಟೇಷನ್ ಸುಮ್ಮನಾಯಿತು. ಹುಡುಗ ಕಾಲ್‌ಸೈನ್ ಪೂರ್ತಿ ಹೇಳಿದ, ಗ್ರಿಡ್ (ಊರು ಇರುವ ನಕ್ಷೆಯ ಚೌಕ) ಎಂಕೆ75 ಅಂದ. ಹುಬ್ಬಳ್ಳಿ ಕಡೆಯವನು! ‘ಫೈವ್ ನೈನ್, ಎಂಕೆ82, ಸೆವೆಂಟಿ ತ್ರೀ’ ಅಂದೆ (ದನಿ ಚೆನ್ನಾಗಿದೆ, ನನ್ನ ಗ್ರಿಡ್ ಇದು, ಶುಭಾಶಯ), ಅಷ್ಟೇ. ಎಂಟು ಹತ್ತು ಸೆಕೆಂಡಿನ ಕೆಲಸ. ಆಮೇಲೆ ಆ ದೊಡ್ಡ ಸ್ಟೇಷನ್ನೇ ಅವನನ್ನು ಕರೆದು ಮಾತಾಡಿಸಿತು, ಚೆನ್ನಾಗಿಯೇ ಮಾತಾಡಿಸಿತು. ಅವರಿಗೆ ಅವನ ದನಿ ಅದುವರೆಗೆ ಕೇಳಿಸಿಯೇ ಇರಲಿಲ್ಲ.

ಹಾಗಾಗಿ ಗಾಳಿಯಲ್ಲಿ ನಾನು ಯಾರನ್ನೂ ಗದರುವುದಿಲ್ಲ. ಬೈಗುಳಕ್ಕೆ ಹೋಗುವ ಅರ್ಧ ನಿಮಿಷದಲ್ಲಿ ಮೂರು ಜನರ ಸಂಪರ್ಕ ಆಗುತ್ತದೆ. ಅಡ್ಡ ಬಂದವನಿಗೆ ಅದೇ ಚಾನೆಲ್‌ನಲ್ಲಿ ಬುದ್ಧಿ ಹೇಳುವವನೂ ಅಡ್ಡ ಬಂದವನೇ. ಹೇಳಲೇಬೇಕಿದ್ದರೆ ಆಮೇಲೆ ಫೋನಿನಲ್ಲಿ ಹೇಳುತ್ತೇನೆ. ಕಮ್ಮಿ ಬೆಲೆಯ ಹ್ಯಾಂಡ್‌ಸೆಟ್ ಅಂತ, ಮೋರ್ಸ್ ಸಂಕೇತ ಬಾರದು ಅಂತ ಹೊಸಬರನ್ನು ಹೀಯಾಳಿಸುವ ಹಿರಿಯರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಬೇರೆಯವರ ಸಂತೋಷ ಕಡಿಮೆಯಾಗುವಂತೆ ಹ್ಯಾಮ್ ತಿಳಿದೂ ತಿಳಿದೂ ನಡೆದುಕೊಳ್ಳಬಾರದು ಎಂದು ಹ್ಯಾಮ್‌ಗಳ ನಡವಳಿಕೆಯ ಸಂಹಿತೆ ರಚಿಸಿದ ಪಾಲ್ ಸೀಗಲ್ 1928ರಲ್ಲೇ ಬರೆದಿಟ್ಟಿದ್ದಾರೆ.

ಇನ್ನೆರಡು ವಿಷಯ. 145.800 ಗಗನಯಾತ್ರಿಗಳ ದನಿ ಕೆಳಗೆ ಬರುವ ಜಾಗ; ಅಲ್ಲಿ ಎಂದೂ ಗುಂಡಿ ಒತ್ತಬೇಡಿ, ಶಾಲಾ ಮಕ್ಕಳ ಸಂಪರ್ಕ ನಡೆಯುವಾಗ ಮೇಲಕ್ಕೆ ಕಳಿಸುವ ಫ್ರೀಕ್ವೆನ್ಸಿಯಲ್ಲೂ (ಅಪ್‌ಲಿಂಕ್) ಬೇಡ. ರಿಪೀಟರ್‌ನಲ್ಲಿ ಒಂದು ಪಾಸ್‌ಗೆ ಒಬ್ಬರೊಡನೆ ಮಾತಾಡಿದರೆ ಸಾಕು.

ನನಗೆ ಈಗಾಗಲೇ ಸಿಕ್ಕಿರುವವರೇ ತುಂಬಿದ್ದರೆ ನಾನು ಮಾತಾಡುವುದಿಲ್ಲ, ಪೂರ್ತಿ ಪಾಸ್ ರೆಕಾರ್ಡ್ ಮಾಡುತ್ತೇನೆ. ಹೊಸ ಕಾಲ್‌ಸೈನ್ ಕೇಳಿಸಿದರೆ ಆ ತುಣುಕನ್ನು ಕತ್ತರಿಸಿ ಅವರಿಗೆ ಕಳಿಸುತ್ತೇನೆ. ಮೈಕ್ ಬಾಯಿಗೆ ತಾಗಿಸಿ ಕೂಗಿದ್ದಕ್ಕೇ ದನಿ ಒಡೆದಿದೆ ಅಂತ ಹಲವರಿಗೆ ಗೊತ್ತಾಗುವುದು ಅದನ್ನು ಕೇಳಿದಾಗಲೇ. ಮುಂದಿನ ಪಾಸ್‌ನಲ್ಲಿ ಮೈಕ್ ಅರ್ಧ ಗೇಣು ದೂರ ಹಿಡಿಯುತ್ತಾರೆ.