ಸಮದಲ್ಲಿ ಕೂರದ ಬೇಸ್: ಚಿಕ್ ಕೊರಿಯಾ ಆಲ್ಬಮ್ ಇಟ್ಟುಕೊಂಡು ನಾನು ಅಭ್ಯಾಸ ಮಾಡಿದ್ದು

ಕರ್ನಾಟಕ ಸಂಗೀತ ಕಲಿತು ಆಮೇಲೆ ಕೀಬೋರ್ಡಿಗೆ ಬಂದವರಿಗೆ ಲ್ಯಾಟಿನ್ ಜಾಝ್ (ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ಲಯಗಳು ಬೆರೆತ ಜಾಝ್) ಸುಲಭ ಅಂತ ಹೇಳುವವರಿದ್ದಾರೆ. ತಾಳ ಗೊತ್ತಿದೆ, ಲೆಕ್ಕ ಗೊತ್ತಿದೆ, ಇನ್ನೇನು ಬೇಕು ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ.

ನಾನು ಹಿಡಿದದ್ದು ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಅವರ ‘ಮೈ ಸ್ಪ್ಯಾನಿಷ್ ಹಾರ್ಟ್’. 1976ರದ್ದು, ಎರಡು ಎಲ್‌ಪಿಗಳ ದೊಡ್ಡ ಆಲ್ಬಮ್. ಹೆಸರು ನೋಡಿ ಅವರು ಸ್ಪೇನಿನವರು ಅಂದುಕೊಳ್ಳಬೇಡಿ. ಇಟಲಿ ಮೂಲದ ಮನೆತನ, ಹುಟ್ಟಿದ್ದು 1941ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. 60ರ ದಶಕದಲ್ಲಿ ಕ್ಯೂಬಾದ ಕಾಂಗಾ ವಾದಕ ಮೊಂಗೊ ಸಾಂಟಮರಿಯಾ ಅವರ ತಂಡದಲ್ಲಿ ನುಡಿಸಿದವರು. ನನ್ನ ಕಿವಿಗೆ ಈ ಆಲ್ಬಮ್‌ನಲ್ಲೂ ಕ್ಯೂಬಾ ಸಾಕಷ್ಟು ಕೇಳುತ್ತದೆ. ಸಿಂಥಸೈಜರಿನ ಎಲೆಕ್ಟ್ರಾನಿಕ್ ಸದ್ದು ಮಾತ್ರ ಕೆಲವು ಕಡೆ ಜಾಸ್ತಿಯಾಯಿತು, ಅದೆಲ್ಲ ಈಗ ಹಳತಾಗಿದೆ.

ಅಭ್ಯಾಸಕ್ಕೆ ‘ಅರ್ಮಾಂಡೋಸ್ ರುಂಬಾ’ ಆರಿಸಿಕೊಂಡೆ. ಅದರಲ್ಲಿ ಡ್ರಮ್ಸೇ ಇಲ್ಲ. ಪಿಯಾನೊ, ಸ್ಟ್ಯಾನ್ಲಿ ಕ್ಲಾರ್ಕ್ ಅವರ ಬೇಸ್ (ತಗ್ಗಿನ ಸ್ವರಗಳ ತಂತಿವಾದ್ಯ), ಜಾನ್-ಲೂಕ್ ಪೊಂಟಿ ಅವರ ಪಿಟೀಲು, ಜೊತೆಗೆ ಚಪ್ಪಾಳೆ, ಅಷ್ಟೇ. ಯಾರು ಏನು ಮಾಡುತ್ತಿದ್ದಾರೆ ಅಂತ ಬಿಡಿಬಿಡಿಯಾಗಿ ಕೇಳುತ್ತದೆ.

ಆದರೆ ಹಾಡಿಗೆ ಕೈ ಹಾಕುವ ಮೊದಲು ಕ್ಲಾವೆ. ಕ್ಯೂಬಾ ಸಂಗೀತದ ಬೆನ್ನೆಲುಬು ಇದೇ: ಒಂದು ಅರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. 16 ಮಾತ್ರೆಗಳಲ್ಲಿ 1, 4, 7, 11, 13ರ ಮೇಲೆ ಪೆಟ್ಟು ಬೀಳುತ್ತದೆ. ನಾನು ಇದನ್ನು ಬಾಯಲ್ಲಿ ‘ತಕಿಟ ತಕಿಟ ತಕದಿಮಿ ತಕ ತಕದಿಮಿ’ ಅಂತ ಹೇಳಿಕೊಂಡೆ. 3, 3, 4, 2, 4, ಒಟ್ಟು 16. ಪ್ರತಿ ಸೊಲ್ಲಿನ ಮೊದಲಕ್ಷರವೇ ಕ್ಲಾವೆಯ ಪೆಟ್ಟು, ಆದಿತಾಳದ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಇದು ನಮಗೆ ಸಿಕ್ಕ ಆ ಅರ್ಧ.

ಇನ್ನರ್ಧ ಬೇಸಿನಲ್ಲಿದೆ. ತುಂಬಾವೊ ಅನ್ನುವ ಬೇಸ್ ನಡೆಯನ್ನು ಎಡಗೈಯಲ್ಲಿ ನುಡಿಸಿ ನೋಡಿ. ಆದಿತಾಳದ ಎಂಟು ಎಣಿಕೆಯಲ್ಲಿ 2 ಆಗಿ ಅರ್ಧಕ್ಕೆ ಒಂದು, 4ಕ್ಕೆ ಒಂದು, 6 ಆಗಿ ಅರ್ಧಕ್ಕೆ ಒಂದು, 8ಕ್ಕೆ ಒಂದು. ಸಮದಲ್ಲಿ, ಅಂದರೆ ಆವರ್ತದ ಮೊದಲ ಎಣಿಕೆಯಲ್ಲಿ, ಏನೂ ಇಲ್ಲ! 4ರ ಮೇಲಿನ ಸ್ವರ ಮುಂದಿನ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಸೇರಿದ್ದು, ಅಂದರೆ ಅಡ್ವಾನ್ಸ್ ಬಂದು ಕೂತ ನೆಂಟರ ಹಾಗೆ, ಮನೆಯವರು ಇನ್ನೂ ಬಾಗಿಲು ತೆರೆದಿರುವುದಿಲ್ಲ. ನಮ್ಮಲ್ಲೂ ಅತೀತ ಎಡುಪು, ಅಂದರೆ ಸಮಕ್ಕೂ ಮೊದಲೇ ಹಾಡು ಎತ್ತಿಕೊಳ್ಳುವುದು, ಇದೆ, ಅಲ್ವಾ? ಆದರೆ ಅಲ್ಲಿ ತಾಳ ಹಾಕುವ ಕೈ ಕಣ್ಣೆದುರೇ ಇರುತ್ತದೆ, ಸಮ ಎಲ್ಲಿದೆ ಅಂತ ಯಾರಿಗೂ ಅನುಮಾನವಿಲ್ಲ. ಇಲ್ಲಿ ಎರಡೂ ಕೈ ಕೀಬೋರ್ಡಿನ ಮೇಲಿರುವುದರಿಂದ ಸಮವನ್ನು ಪಾದದಲ್ಲೇ ಇಟ್ಟುಕೊಳ್ಳಬೇಕು, ಪಾದ ನಿಂತರೆ ಎಲ್ಲ ನಿಂತ ಹಾಗೆ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಕ್ಲಾವೆಯ ಚಪ್ಪಾಳೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೆಟ್ರೊನೋಮ್ ಆಫ್ ಮಾಡಿದೆ. ಬಹಳ ದಿನ ಬರೀ ಬೇಸ್, ಬಲಗೈ ಸುಮ್ನೆ ಮಡಿಲಲ್ಲಿ. ಬೇಸ್ ತಾನಾಗಿ ನಡೆಯತೊಡಗಿದ ಮೇಲೆ ಬಲಗೈಗೆ ಮೊಂಟುನೊ ಕೊಟ್ಟೆ, ಅದು ಸುತ್ತಿ ಸುತ್ತಿ ಬರುವ ಪುಟ್ಟ ಪಲ್ಲವಿ. ಕ್ಲಾವೆಯ ಎರಡು ಪೆಟ್ಟಿನ ಕಡೆ ಎಣಿಕೆಯ ಮೇಲೆ ಕೂತು, ಮೂರು ಪೆಟ್ಟಿನ ಕಡೆ ಎಣಿಕೆಗಳ ನಡುವೆ ಜಾರುತ್ತದೆ. ಈ ಎರಡು ಕಡೆ ಅದಲುಬದಲಾದರೆ ಒಂದು ಸ್ವರವೂ ತಪ್ಪಿರುವುದಿಲ್ಲ, ಆದರೂ ಏನೋ ಎಡವಟ್ಟು ಅನ್ನಿಸುತ್ತದೆ.

ಸೋಲೋ ವಿಷಯಕ್ಕೆ ಬಂದರೆ, ಆ ಸ್ಪ್ಯಾನಿಷ್ ಬಣ್ಣದ ಸ್ಕೇಲ್ ನಮಗೆ ವಕುಳಾಭರಣ, 14ನೇ ಮೇಳಕರ್ತ ರಾಗ. ಒಂದೇ ಕಾರ್ಡ್ ನಿಂತಿರುವಷ್ಟು ಹೊತ್ತು ಅದರಲ್ಲಿ ಓಡಾಡಬಹುದು, ಮಜವಾಗಿರುತ್ತದೆ. ಕಾರ್ಡುಗಳು ಓಡತೊಡಗಿದ ತಕ್ಷಣ ರಾಗ ಬಿಟ್ಟು, ಆಯಾ ಕಾರ್ಡಿನ ಮೂರನೇ, ಏಳನೇ ಸ್ವರ ಹಿಡಿಯುತ್ತೇನೆ. ಪಿಟೀಲಿನವರು ಯಾರಾದರೂ ಸಿಕ್ಕರೆ ಪೊಂಟಿ ಭಾಗ ಅವರಿಗೆ ಕೊಡಿ, ಕೀಬೋರ್ಡಿನ ಪಿಟೀಲು ಸದ್ದು ಮಾತ್ರ ಬೇಡ.