ಮಿಯಾಜಿಮಾಕ್ಕೆ ಹೊರಡುವ ಮುನ್ನ ನೀರಿನ ಲೆಕ್ಕ ನೋಡಿ

ಹಿರೋಶಿಮಾ ಪಕ್ಕದ ಮಿಯಾಜಿಮಾ ದ್ವೀಪಕ್ಕೆ ಹೋಗಿಬಂದವರಲ್ಲಿ ಒಬ್ಬರು ‘ಗುಡಿ ನೀರ ಮೇಲೆ ತೇಲಿದ ಹಾಗಿತ್ತು’ ಅಂದರೆ, ಇನ್ನೊಬ್ಬರು ‘ಬರೀ ಕೆಸರು’ ಅನ್ನುತ್ತಾರೆ. ಇಬ್ಬರದೂ ನಿಜವೇ. ಅವರು ಹೋದ ಹೊತ್ತು ಬೇರೆ, ಅಷ್ಟೇ.

ದ್ವೀಪದ ಪ್ರವಾಸಿ ಸಂಘ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ಗಂಟೆಯ ಜೊತೆಗೆ ಸೆಂಟಿಮೀಟರ್ ಲೆಕ್ಕವನ್ನೂ ನೋಡಬೇಕು. 250 ದಾಟಿದರೆ ಇತ್ಸುಕುಶಿಮಾ ಗುಡಿ ತೇಲಿದಂತೆ ಕಾಣುತ್ತದೆ. 100ಕ್ಕಿಂತ ಇಳಿದರೆ ಕಡಲಲ್ಲಿರುವ ತೋರಿಯ, ಅಂದರೆ ಗುಡಿಯ ಹೆಬ್ಬಾಗಿಲಿನ, ಬುಡದವರೆಗೂ ನಡೆದೇ ಹೋಗಬಹುದು. ನಮ್ಮ ಕರಾವಳಿಯವರು ಬಲ್ಲ ಲೆಕ್ಕವೇ ಇಲ್ಲೂ ನಡೆಯುತ್ತದೆ: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಮಂದವಿದ್ದ ದಿನ ನೀರು 100ಕ್ಕೆ ಇಳಿಯದೆಯೂ ಇರಬಹುದು. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ, ಮೊನ್ನೆ ಹೋಗಿಬಂದವರ ಸಮಯ ನಂಬಿ ಹೊರಡಬೇಡಿ.

ಹಿರೋಶಿಮಾ ಸ್ಟೇಷನ್ನಿನಿಂದ ಫೆರಿ ಹೊರಡುವ ಮಿಯಾಜಿಮಾಗುಚಿಗೆ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಅರ್ಧ ಗಂಟೆ ಸಾಕು. ಟ್ರಾಮ್ ಹತ್ತಿದರೆ ಗಂಟೆಗೂ ಮೇಲೆ. ಅಲ್ಲಿಂದ ಫೆರಿ 10 ನಿಮಿಷ. ಹಗಲಿನಲ್ಲಿ ಜೆಆರ್ ಫೆರಿ ಹೋಗುವಾಗ ತೋರಿಯ ಹತ್ತಿರ ಬಳಸಿ ಸಾಗುತ್ತದೆ, ಬಲಗಡೆ ನಿಂತುಕೊಳ್ಳಿ. ಜೆಆರ್ ಪಾಸ್ ಇದ್ದರೂ ದ್ವೀಪದ ತೆರಿಗೆ 100 ಯೆನ್ ಬೇರೆ ಕೊಡಬೇಕು.

ಇಳಿತದಲ್ಲಿ ತೋರಿಯ ಬುಡಕ್ಕೆ ಹೋಗಿಯೇ ನೋಡಿ. 1875ರಲ್ಲಿ ಕಟ್ಟಿದ, ಸುಮಾರು 16 ಮೀಟರ್ ಎತ್ತರದ ಈ ಬಾಗಿಲಿನ ಕಂಬಗಳನ್ನು ಆಳಕ್ಕೆ ಹೂತಿಲ್ಲ. ಇಡೀ ರಚನೆ ತನ್ನ ಭಾರದಿಂದಲೇ ನಿಂತಿದೆ. ಭಾರ ಹೆಚ್ಚಲೆಂದು ಮೇಲಿನ ಅಡ್ಡತೊಲೆಯೊಳಗೆ ಕಲ್ಲು ತುಂಬಿದ್ದಾರೆ. ಕರ್ಪೂರ ಮರದ ಕಂಬಗಳ ಸೀಳಿಗೆ ನಾಣ್ಯ ತುರುಕಬೇಡಿ, ಮರ ಹಾಳಾಗುತ್ತದೆ. ಬಟ್ಟೆಯ ಶೂ ಹಾಕಿಕೊಂಡು ಹೋದರೆ ಸಂಜೆಯವರೆಗೂ ಒದ್ದೆ ಕಾಲು. ಗುಡಿಯ ಮೊಗಸಾಲೆಯಲ್ಲಿ ನೆಲದ ಹಲಗೆಗಳ ನಡುವೆ ಸಂದು ಬಿಟ್ಟಿರುವುದನ್ನೂ ಗಮನಿಸಿ. ಉಕ್ಕಿ ಬಂದ ನೀರು ಹಲಗೆ ಕೀಳದೆ ಅಲ್ಲಿಂದ ಮೇಲೆ ಬರಲಿ ಎಂದು.

ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ಎರಡನ್ನೂ ನೋಡುವುದಾದರೆ ಆ ಹೊತ್ತಿಗೆ 535 ಮೀಟರಿನ ಮಿಸೆನ್ ಬೆಟ್ಟ ಹತ್ತಬಹುದು. ರೋಪ್‌ವೇ ತುದಿಯವರೆಗೆ ಹೋಗುವುದಿಲ್ಲ. ಇಳಿದ ಮೇಲೆ ಇನ್ನೂ ಅರ್ಧ ಗಂಟೆ ಏರು ಇದೆ. ಮೊಣಕಾಲು ನೋವಿರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ. ಕೊನೆಯ ಇಳಿಗಾಡಿ ಎಷ್ಟಕ್ಕೆಂದು ಹತ್ತುವಾಗಲೇ ನೋಡಿಕೊಳ್ಳಿ.

ಹಿರೋಶಿಮಾ ನಗರದಲ್ಲಿ ಅಣುಬಾಂಬ್ ದುರಂತವನ್ನು ತೋರಿಸುವ ಶಾಂತಿ ಸ್ಮಾರಕ ಮ್ಯೂಸಿಯಂ ಅನ್ನು ಇದೇ ದಿನಕ್ಕೆ ತುರುಕದಿರುವುದು ಮೇಲು. ಅಲ್ಲಿಂದ ಹೊರಬಂದವರಿಗೆ ಬೇರೇನೂ ನೋಡುವ ಮನಸ್ಸಿರುವುದಿಲ್ಲ.

ದ್ವೀಪದ ಜಿಂಕೆಗಳಿಗೆ ತಿನ್ನಿಸಬಾರದು. ಕೈಯಲ್ಲಿರುವ ಮ್ಯಾಪು, ಟಿಕೆಟ್ಟನ್ನೂ ಅವು ಬಿಡುವುದಿಲ್ಲ, ಒಳಗಿಡಿ. ‘ಮೊಮಿಜಿ ಮಂಜು’ ಎಂಬ ಇಲ್ಲಿನ ಹೂರಣದ ಪುಟ್ಟ ಕೇಕ್ ಕೊಳ್ಳುವ ಸಸ್ಯಾಹಾರಿಗಳೇ, ಒಳಗಿನ ಅಜುಕಿ ಕಾಳಿನ ಹೂರಣ ನಮ್ಮ ಹೋಳಿಗೆಯನ್ನು ನೆನಪಿಸಿದರೂ ಹೊರಗಿನ ಕೇಕಿಗೆ ಮೊಟ್ಟೆ ಹಾಕಿರುತ್ತಾರೆ.