ಜನ ಬೇಡ ಅಂದ ಮೇಲೆ ಯೋಜನೆಯಲ್ಲಿ ಏನು ಬದಲಾಯಿತು? ಕೋಪನ್‌ಹೇಗನ್‌ನಲ್ಲಿ ನನ್ನ ಇಂಟರ್ನ್‌ಶಿಪ್

ಸ್ವೀಡನ್‌ನ ಲುಂಡ್‌ನಲ್ಲಿ ಮಾನವ ಹಕ್ಕು ಕಾನೂನು ಓದುವಾಗ ಒಂದು ಸೆಮಿಸ್ಟರ್ ಇಂಟರ್ನ್‌ಶಿಪ್ ಮಾಡುವ ಅವಕಾಶ ಇತ್ತು. ನಾನು ಪಕ್ಕದ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಒಂದು ಮಾನವ ಹಕ್ಕು ಸಂಸ್ಥೆ ಸೇರಿದೆ. ಗಾಳಿ ವಿದ್ಯುತ್, ಸೌರ ವಿದ್ಯುತ್, ಬ್ಯಾಟರಿಗೆ ಬೇಕಾದ ಖನಿಜ, ಇಂಥ ಯೋಜನೆಗಳು ಮೂಲನಿವಾಸಿಗಳ ನೆಲಕ್ಕೆ ಬಂದಾಗ ಅವರ ಹಕ್ಕು ಏನಾಗುತ್ತದೆ ಅನ್ನೋದು ನನಗೆ ಕೊಟ್ಟ ವಿಷಯ. ಹಸಿರು ಶಕ್ತಿಗೆ ಬೇಕಾದ ಖನಿಜಗಳ 5,097 ಗಣಿ ಯೋಜನೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಬಂತು. ಅವುಗಳಲ್ಲಿ 54% ಮೂಲನಿವಾಸಿಗಳ ನೆಲದಲ್ಲಿ ಅಥವಾ ಅದರ ಹತ್ತಿರವೇ ಇವೆ. ಹವಾಮಾನ ಉಳಿಸುವ ಕೆಲಸದ ಭಾರ ಯಾರ ಮೇಲೆ ಬೀಳುತ್ತಿದೆ ಅಂತ ಈ ಒಂದು ಅಂಕಿಯೇ ಹೇಳುತ್ತದೆ.

ಅರ್ಜಿಯ ಜೊತೆ ಕೊಡುವ ಪತ್ರದಲ್ಲಿ ನಾನು ಬರೆದದ್ದು ಪಾವಗಡದ ಬಗ್ಗೆ. ನಾನು ತುಮಕೂರು ಜಿಲ್ಲೆಯವಳು. ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಬೇಕಾಗಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಮಳೆ ನಂಬಿ ಕೂತಿದ್ದ ಊರಿಗೆ ಅದು ದೊಡ್ಡ ಆಸರೆ, ಇದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಪಹಣಿ ಇಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ. ಕೂಲಿಯವರ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಅದು ಮೂಲನಿವಾಸಿ ಹಕ್ಕಿನ ಪ್ರಕರಣ ಅಲ್ಲ. ಆದರೂ ನೆಲ ಬಳಸುವವರೆಲ್ಲ ನೆಲದ ದಾಖಲೆಯಲ್ಲಿ ಇರುವುದಿಲ್ಲ ಅನ್ನೋದನ್ನು ನಾನು ಕಲಿತದ್ದು ಅಲ್ಲಿಯೇ. ಸಂದರ್ಶನದಲ್ಲಿ ಅವರು ಜಾಸ್ತಿ ಕೇಳಿದ್ದೂ ಇದರ ಬಗ್ಗೆಯೇ.

ಕೆಲಸ ಅಂದರೆ ಮುಖ್ಯವಾಗಿ ಓದುವುದು. ಪರವಾನಗಿ ಆದೇಶ, ಪರಿಸರ ವರದಿ, ಕೋರ್ಟ್ ತೀರ್ಪು, ಬ್ಯಾಂಕುಗಳ ಷರತ್ತು. ನಮ್ಮ ಮೇಲ್ವಿಚಾರಕಿ ಮೊದಲ ವಾರವೇ ಒಂದು ದಾರಿ ತೋರಿಸಿದರು: ಯಾವುದೇ ಯೋಜನೆ ಇರಲಿ, ತಾರೀಖುಗಳ ಕೋಷ್ಟಕ ಮಾಡು. ಒಂದು ಕಾಲಂನಲ್ಲಿ ಪರವಾನಗಿ ಮತ್ತು ಹಣ, ಇನ್ನೊಂದರಲ್ಲಿ ಕಾಮಗಾರಿ, ಮೂರನೆಯದರಲ್ಲಿ ಜನರ ಜೊತೆ ನಡೆದ ಮಾತುಕತೆ, ಆಕ್ಷೇಪ, ದಾವೆ. ಅಕ್ಕಪಕ್ಕ ಇಟ್ಟು ಓದಿದರೆ, ವರದಿಯಲ್ಲಿ ಎಲ್ಲೂ ಬರೆಯದ ಸಂಗತಿ ಕಾಣುತ್ತದೆ.

ನಾನು ಅತಿ ಹೆಚ್ಚು ಹೊತ್ತು ಕೂತದ್ದು ನಾರ್ವೆಯ ಫೋಸನ್ ಪ್ರಕರಣದ ಮುಂದೆ. ಫೋಸನ್ ಪರ್ಯಾಯ ದ್ವೀಪದಲ್ಲಿ ದಕ್ಷಿಣ ಸಾಮಿ ಕುಟುಂಬಗಳು ಹಿಮಸಾರಂಗ ಸಾಕುತ್ತವೆ; ಸಾಮಿಗಳು ಉತ್ತರ ಯುರೋಪಿನ ಮೂಲನಿವಾಸಿಗಳು. ಸ್ಟೂರ್‌ಹೇಯಾ ಮತ್ತು ರೋಆನ್ ಬೆಟ್ಟಗಳು ಅವರ ಚಳಿಗಾಲದ ಮೇವಿನ ಜಾಗ. ಅಲ್ಲಿ ಈಗ 151 ಗಾಳಿಯಂತ್ರಗಳಿವೆ. ಹಿಮಸಾರಂಗ ಗಾಳಿಯಂತ್ರದ ಹತ್ತಿರ ಸುಳಿಯುವುದಿಲ್ಲ. ಹೀಗಾಗಿ ಕಂಬ ನಿಂತ ಜಾಗ ಮಾತ್ರ ಹೋಯಿತು ಅಂತ ಲೆಕ್ಕ ಹಾಕುವ ಹಾಗಿಲ್ಲ, ಸುತ್ತಲ ಬೆಟ್ಟವೂ ಹೋಗುತ್ತದೆ.

ಕೋಷ್ಟಕ ಹೀಗೆ ಬಂತು. 2010ರಲ್ಲಿ ಪರವಾನಗಿ. ಸಾಮಿಗಳ ಮೇಲ್ಮನವಿ ಸಚಿವಾಲಯದಲ್ಲಿ ತಿರಸ್ಕಾರವಾದದ್ದು 2013ರಲ್ಲಿ. 2016ರಲ್ಲಿ ಕಾಮಗಾರಿ ಶುರು. ಕೆಲಸ ನಿಲ್ಲಿಸಿ ಅಂತ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿ 2018ರ ಡಿಸೆಂಬರ್‌ನಲ್ಲಿ ನಾರ್ವೆಯನ್ನು ಕೇಳಿಕೊಂಡಿತು. ಕೆಲಸ ನಿಲ್ಲಲಿಲ್ಲ. 2020ರ ಹೊತ್ತಿಗೆ ಎರಡೂ ಕಡೆ ಯಂತ್ರ ತಿರುಗುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2021ರ ಅಕ್ಟೋಬರ್ 11ಕ್ಕೆ. ಹನ್ನೊಂದು ನ್ಯಾಯಾಧೀಶರೂ ಒಮ್ಮತದಿಂದ, ಈ ಪರವಾನಗಿ ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಉಲ್ಲಂಘಿಸುತ್ತದೆ, ಆದ್ದರಿಂದ ಅಸಿಂಧು ಅಂದರು.

ಇದನ್ನು ಬರೆದು ಮುಗಿಸಿದಾಗ ಒಂದು ವಿಷಯ ನನ್ನನ್ನು ಕಾಡಿತು. ಜನರನ್ನು ಯಾರೂ ಕೇಳಲೇ ಇಲ್ಲ ಅನ್ನುವ ಕಥೆ ಇದಲ್ಲ. ಕೇಳಿದ್ದರು. ಸಾಮಿಗಳು ಬೇಡ ಅಂತ ಹೇಳಿದ್ದರು, ಅದು ಕಡತದಲ್ಲೂ ಇತ್ತು. ಆಮೇಲೂ ಕಟ್ಟಿದರು. ಹಾಗಾಗಿ ಕೋಷ್ಟಕಕ್ಕೆ ನಾಲ್ಕನೇ ಕಾಲಂ ಸೇರಿಸಿದೆ: ಬೇಡ ಅಂದ ಮೇಲೆ ಯೋಜನೆಯಲ್ಲಿ ಏನು ಬದಲಾಯಿತು? ಸಮಾಲೋಚನೆ ನಡೆದಿದೆ ಅನ್ನೋದು ಪ್ರತಿ ಕಂಪನಿಯ ವರದಿಯಲ್ಲೂ ಇರುತ್ತದೆ. ಸಭೆಯ ಫೋಟೋ, ಸಹಿ ಪುಸ್ತಕ ಎಲ್ಲ ಇರುತ್ತವೆ. ಈ ಪ್ರಶ್ನೆಗೆ ಮಾತ್ರ ಫೋಟೋ ಉತ್ತರ ಆಗುವುದಿಲ್ಲ. ಆಮೇಲೆ ನಾನು ನೋಡಿದ ಎಲ್ಲ ಕಡತಗಳಲ್ಲೂ ಮೊದಲು ಹುಡುಕಿದ್ದು ಇದನ್ನೇ.

ಫೋಸನ್ ತೀರ್ಪಿನ ಇನ್ನೊಂದು ಭಾಗ ನನಗೆ ಬಹಳ ಮುಖ್ಯ ಅನಿಸುತ್ತದೆ. ಹಸಿರು ವಿದ್ಯುತ್ ಬೇಕೇಬೇಕು ಅಂತ ಕೋರ್ಟ್ ಒಪ್ಪುತ್ತದೆ. ಆದರೆ ಪರ್ಯಾಯ ಜಾಗಗಳಿದ್ದವು, ಹಿಮಸಾರಂಗ ಸಾಕಣೆಯ ದೃಷ್ಟಿಯಿಂದ ಪರಿಶೀಲಿಸಿದ ಜಾಗಗಳಲ್ಲೇ ಈ ಎರಡು ಬೆಟ್ಟಗಳು ಅತಿ ಕಡಿಮೆ ಸೂಕ್ತವಾಗಿದ್ದವು ಅನ್ನುತ್ತದೆ. ಹವಾಮಾನವೋ ಮೂಲನಿವಾಸಿಗಳೋ ಅಂತ ಜಗಳ ಹಚ್ಚುವವರು ಇದನ್ನು ಓದಬೇಕು. ಆ ಪ್ರಶ್ನೆಯನ್ನು ಜಾಗ ಆರಿಸಿದವರು ಹುಟ್ಟಿಸಿದ್ದು, ಸಾಮಿಗಳಲ್ಲ. ಮೇವು ಹೋದರೆ ಬೇಲಿಯೊಳಗೆ ಕೂಡಿ ಮೇವು ತಂದುಹಾಕಿ ಸಾಕಿ, ಅದಕ್ಕೆ ಪರಿಹಾರ ಕೊಡುತ್ತೇವೆ ಅನ್ನುವ ವಾದವನ್ನೂ ಕೋರ್ಟ್ ಒಪ್ಪಲಿಲ್ಲ.

ತೀರ್ಪಿನ ನಂತರವೂ ಯಂತ್ರಗಳು ತಿರುಗುತ್ತಲೇ ಇದ್ದವು. 500 ದಿನ ಕಳೆದಾಗ, 2023ರ ಫೆಬ್ರವರಿಯಲ್ಲಿ, ಸಾಮಿ ಯುವಕ ಯುವತಿಯರು ಓಸ್ಲೋದ ಇಂಧನ ಸಚಿವಾಲಯದಲ್ಲಿ ಧರಣಿ ಕೂತರು. ಗ್ರೆಟಾ ಥನ್‌ಬರ್ಗ್ ಕೂಡ ಜೊತೆಗೆ ಕೂತರು. ಮಾರ್ಚ್‌ನಲ್ಲಿ ಸರ್ಕಾರ ಕ್ಷಮೆ ಕೇಳಿತು. ಆ ವರ್ಷದ ಡಿಸೆಂಬರ್‌ನಲ್ಲಿ ದಕ್ಷಿಣ ಫೋಸನ್ ಗುಂಪಿನ ಜೊತೆ, 2024ರ ಮಾರ್ಚ್‌ನಲ್ಲಿ ಉತ್ತರದ ಗುಂಪಿನ ಜೊತೆ ಒಪ್ಪಂದ ಆಯಿತು. ಅದರ ಪ್ರಕಾರ ಚಳಿಗಾಲದ ಮೇವಿಗೆ ಬೇರೆ ಜಾಗ ಸಿಗಬೇಕು. ಯಂತ್ರಗಳು ಮಾತ್ರ ಅಲ್ಲೇ ಇವೆ.

ಕೀನ್ಯಾದ ತುರ್ಕಾನಾ ಸರೋವರದ ಹತ್ತಿರದ ಯೋಜನೆಯನ್ನೂ ನೋಡಿದೆ. ಅಲ್ಲಿ 365 ಗಾಳಿಯಂತ್ರಗಳಿವೆ, ಎಲ್ಲವೂ ಡೆನ್ಮಾರ್ಕ್‌ನ ವೆಸ್ಟಾಸ್ ಕಂಪನಿಯವು. ಜಮೀನು ಸುಮಾರು 1,50,000 ಎಕರೆ, ಸಂಬೂರು, ರೆಂಡಿಲೆ, ತುರ್ಕಾನಾ ಜನ ದನ ಮೇಯಿಸುವ ನೆಲ. ಸ್ಥಳೀಯರು 2014ರಲ್ಲಿ ದಾವೆ ಹೂಡಿದರು. ಜಮೀನಿನ ಹಕ್ಕುಪತ್ರ ಕೊಟ್ಟ ಕ್ರಮ ಕಾನೂನುಬದ್ಧವಲ್ಲ ಅಂತ ಮೇರು ನಗರದ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಅಷ್ಟರಲ್ಲಿ ವಿದ್ಯುತ್ ಗ್ರಿಡ್‌ಗೆ ಹರಿದು ಮೂರು ವರ್ಷವಾಗಿತ್ತು. ಖಂಡ ಬೇರೆ, ಜನ ಬೇರೆ, ಕೋಷ್ಟಕದ ಆಕಾರ ಒಂದೇ.

ಸಂಸ್ಥೆಯಲ್ಲಿ ಊಟದ ಹೊತ್ತಿಗೆ ಇಂಟರ್ನ್‌ಗಳು ಒಂದು ವಿಷಯ ಮಂಡಿಸುವ ರೂಢಿ ಇತ್ತು. ನಾನು ಡೋಂಗ್ರಿಯಾ ಕೊಂಡ ಆದಿವಾಸಿಗಳು ಇರುವ ಒಡಿಶಾದ ನಿಯಮಗಿರಿ ಬೆಟ್ಟಗಳನ್ನು ಆರಿಸಿಕೊಂಡೆ. ಬಾಕ್ಸೈಟ್ ಗಣಿ ಬೇಕೇ ಬೇಡವೇ ಅಂತ ಗ್ರಾಮಸಭೆಗಳೇ ತೀರ್ಮಾನಿಸಲಿ ಅಂತ ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಹನ್ನೆರಡು ಗ್ರಾಮಸಭೆಗಳು ನಡೆದವು, ಹನ್ನೆರಡೂ ಬೇಡ ಅಂದವು, ಗಣಿ ಬರಲಿಲ್ಲ. ನನ್ನ ನಾಲ್ಕನೇ ಕಾಲಂ ಅಷ್ಟು ಸ್ಪಷ್ಟವಾಗಿ ತುಂಬಿದ್ದು ಅದೊಂದೇ ಸಲ. ಅರಣ್ಯ ಹಕ್ಕು ಕಾಯ್ದೆ ಬಗ್ಗೆ ಕೇಳಿರದ ಸಹೋದ್ಯೋಗಿಗಳು ಸರಣಿ ಪ್ರಶ್ನೆ ಹಾಕಿದರು. ಸಾಮಾನ್ಯವಾಗಿ ನಮ್ಮಂಥ ದಕ್ಷಿಣದ ದೇಶಗಳಿಗೆ ಪಾಠ ಉತ್ತರದ ಶ್ರೀಮಂತ ದೇಶಗಳಿಂದ ಬರುತ್ತದೆ ಅನ್ನುವ ಭಾವನೆ ಇಂಥ ಕಚೇರಿಗಳಲ್ಲಿ ಇರುತ್ತದೆ. ಅವತ್ತು ಪಾಠ ಒಡಿಶಾದ ಡೋಂಗ್ರಿಯಾ ಕೊಂಡರದಾಗಿತ್ತು. ನನಗೆ ತುಂಬಾ ಹೆಮ್ಮೆಯಾಯಿತು.

ಜನರ ಜೊತೆ ಮಾತಾಡುವ ಕೆಲಸ ಕಡಿಮೆ ಇತ್ತು, ಅದಕ್ಕೆ ನಿಯಮಗಳು ಜಾಸ್ತಿ ಇದ್ದವು. ಮೇ ತಿಂಗಳಲ್ಲಿ ಹಿಮಸಾರಂಗ ಮರಿ ಹಾಕುತ್ತದೆ, ಆಗ ಸಾಮಿ ಸಾಕಣೆದಾರರಿಗೆ ಫೋನ್ ಮಾಡಿ ಸಮಯ ಕೇಳುವಂತಿಲ್ಲ. ಅವರು ಹೇಳಿದ್ದನ್ನು ಬರೆದ ಮೇಲೆ ಕರಡು ಅವರಿಗೇ ಮೊದಲು ಹೋಗಬೇಕು. ಮೇವಿನ ದಾರಿಯ ನಕ್ಷೆ ಹಾಕಬೇಡಿ ಅಂದರೆ ಹಾಕುವಂತಿಲ್ಲ. ಇದು ಬರೀ ಸೌಜನ್ಯದ ಮಾತಲ್ಲ. ತಮ್ಮ ಮಾಹಿತಿ ಯಾರ ಕೈಗೆ ಹೋಗಬೇಕು ಅನ್ನೋದೂ ಅವರ ಹಕ್ಕೇ.

ಇನ್ನು ಅರ್ಜಿ ಹಾಕುವವರಿಗೆ. ಯುರೋಪಿನಲ್ಲಿ ಇಂಥ ಇಂಟರ್ನ್‌ಶಿಪ್‌ಗಳಿಗೆ ಎಷ್ಟೋ ಕಡೆ ಸಂಬಳ ಇಲ್ಲ, ನನಗೂ ಇರಲಿಲ್ಲ. ಕೋಪನ್‌ಹೇಗನ್ ಬಾಡಿಗೆ ಕೈಗೆಟುಕದೆ ಲುಂಡ್‌ನಲ್ಲೇ ಇದ್ದು ಎರಡು ದೇಶಗಳ ನಡುವಿನ ಸೇತುವೆ ದಾಟುವ ರೈಲಿನಲ್ಲಿ ಓಡಾಡಿದೆ. ಕೋರ್ಸ್‌ನ ಕ್ರೆಡಿಟ್ ಸಿಗುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಭಾಷೆಗೆ ಹೆದರಬೇಡಿ, ಫೋಸನ್ ತೀರ್ಪಿನ ಇಂಗ್ಲಿಷ್ ಅನುವಾದವನ್ನು ನಾರ್ವೆಯ ಸುಪ್ರೀಂ ಕೋರ್ಟೇ ಕೊಟ್ಟಿದೆ. ಅದನ್ನೂ ನಿಯಮಗಿರಿ ತೀರ್ಪನ್ನೂ ಒಟ್ಟಿಗೆ ಓದಿ. ಫೋಸನ್ ತೀರ್ಪು ನಿಂತಿರುವುದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 27ನೇ ವಿಧಿಯ ಮೇಲೆ, ಅಂದರೆ ಅಲ್ಪಸಂಖ್ಯಾತರು ತಮ್ಮ ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕಿನ ಮೇಲೆ. ಭಾರತ 1979ರಲ್ಲೇ ಆ ಒಪ್ಪಂದಕ್ಕೆ ಸೇರಿದೆ. ಅಂದರೆ ಅದೇ ವಾದವನ್ನು ಭಾರತದಲ್ಲೂ ಮುಂದಿಡಬಹುದು. ನಾನು ಈಗ ಬರೆಯುತ್ತಿರುವ ಪ್ರಬಂಧ ಅದರ ಬಗ್ಗೆಯೇ.